‘ಖಾಲಿಯಾಯಿತು’ ಎನ್ನುವ ಹೋಟೆಲ್

ಹೋಟೆಲಿನ ಮೆನು ಪುಸ್ತಕದಷ್ಟು ದಪ್ಪವಿದ್ದರೆ ನನಗೆ ಹಸಿವಿಗಿಂತ ಮೊದಲು ಅನುಮಾನ ಹುಟ್ಟುತ್ತದೆ. ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ಚಾಟ್ಸ್, ಜ್ಯೂಸ್, ಐಸ್‌ಕ್ರೀಂ. ಬೆಳಗಿನಿಂದ ರಾತ್ರಿಯವರೆಗೆ ಇಷ್ಟನ್ನೂ ಯಾವ ಅಡುಗೆಮನೆ ಬೇಯಿಸೀತು?

ಬೇಯಿಸುವುದಿಲ್ಲ. ಈರುಳ್ಳಿ–ಟೊಮೆಟೊದ ಕೆಂಪು ಗ್ರೇವಿ, ಗೋಡಂಬಿಯ ಬಿಳಿ ಗ್ರೇವಿ ಮೊದಲೇ ಸಿದ್ಧವಾಗಿರುತ್ತವೆ. ಪನೀರ್ ಬಿದ್ದರೆ ಒಂದು ಹೆಸರು, ಬಟಾಣಿ ಬಿದ್ದರೆ ಇನ್ನೊಂದು, ಮೇಲೆ ಕೆನೆ ಹನಿಸಿದರೆ ಬೆಲೆಯೂ ಬೇರೆ. ‘ತೊಂಬತ್ತೊಂಬತ್ತು ಬಗೆಯ ದೋಸೆ’ ಎಂದು ಬೋರ್ಡು ಹಾಕಿದ ಗಾಡಿಯದೂ ಇದೇ ಲೆಕ್ಕ: ಹಿಟ್ಟು ಒಂದೇ, ಸುರಿಯುವ ಸಾಸು, ಚೀಸು ಮಾತ್ರ ಬೇರೆ.

ಬೆಂಗಳೂರಿನ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ನಡೆಯುತ್ತಿದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ; ಹೆಚ್ಚುಕಡಿಮೆ ಅಷ್ಟೇ. ಸಾಂಬಾರ್ ಕೂಡ ಇಲ್ಲ. ಆದರೂ ಫುಟ್‌ಪಾತಿನ ಮೇಲೆ ತಟ್ಟೆ ಹಿಡಿದ ಜನ ನಿಂತೇ ಇರುತ್ತಾರೆ. ನಾಲ್ಕೇ ತಿಂಡಿ ಇದ್ದಾಗ ಬಂದವರೆಲ್ಲ ಆ ನಾಲ್ಕನ್ನೇ ತಿನ್ನಬೇಕು. ಹಾಗಾಗಿ ಹಬೆಯಿಂದ ಇಳಿದ ಇಡ್ಲಿ ಆರುವಷ್ಟು ಹೊತ್ತು ಕೂರುವುದಿಲ್ಲ, ರುಬ್ಬಿದ ಚಟ್ನಿ ಹುಳಿಯಾಗುವ ಮೊದಲೇ ಮುಗಿದಿರುತ್ತದೆ. ಫ್ರಿಜ್ಜಿಗೆ ಕೆಲಸವೇ ಕಡಿಮೆ. ದೋಸೆಯ ಕಾವಲಿಯೂ ಅಷ್ಟೇ. ಸಾಲಾಗಿ ದೋಸೆಯನ್ನೇ ಹುಯ್ಯುತ್ತಿದ್ದರೆ ಅದರ ಕಾವು ಹದದಲ್ಲಿ ನಿಲ್ಲುತ್ತದೆ, ಭಟ್ಟರ ಕೈಯೂ ಪಳಗುತ್ತದೆ. ನಡುವೆ ಅದರ ಮೇಲೆಯೇ ಪನೀರ್ ಹುರಿದು, ಪಾವ್ ಬಿಸಿ ಮಾಡಿದರೆ ಮುಂದಿನ ದೋಸೆ ಅಂಟುತ್ತದೆ.

ಚಿಕ್ಕ ಪಟ್ಟಿಯವರು ಹೊಸದನ್ನು ಮಾಡುವುದಿಲ್ಲ ಎಂಬ ದೂರನ್ನೂ ನಾನು ಒಪ್ಪುವುದಿಲ್ಲ. 1924ರಲ್ಲಿ ಶುರುವಾದ ಎಂಟಿಆರ್‌ನವರು ಹೇಳಿಕೊಳ್ಳುವಂತೆ, ರವೆ ಇಡ್ಲಿ ಬಂದದ್ದೇ ಎರಡನೇ ಮಹಾಯುದ್ಧದ ಅಕ್ಕಿಯ ಅಭಾವದಿಂದ. ಕೈಗೆ ಸಿಕ್ಕಿದ್ದರಲ್ಲೇ ಇಡ್ಲಿ ಮಾಡಿದರು. ಇಡ್ಲಿ ಬಿಟ್ಟು ನೂಡಲ್ಸಿಗೆ ಹಾರಲಿಲ್ಲ.

ಹಾಗೆಂದು ಹೆದ್ದಾರಿಯ ದೊಡ್ಡ ಹೋಟೆಲುಗಳನ್ನು ಜರೆಯಲಾರೆ. ಅಜ್ಜಿಗೆ ಮೊಸರನ್ನ, ಮಗುವಿಗೆ ಗೋಬಿ ಮಂಚೂರಿ, ಭಾವನಿಗೆ ರೋಟಿ ಬೇಕಾದಾಗ ಬ್ರಾಹ್ಮಿನ್ಸ್ ಕಾಫಿ ಬಾರ್ ಯಾವ ಉಪಕಾರಕ್ಕೂ ಬಾರದು. ನಗರದ ಬಾಡಿಗೆಯೂ ತಿಂಡಿಯ ಹೊತ್ತು ಮುಗಿದ ಮೇಲೆ ನಿಲ್ಲುವುದಿಲ್ಲ, ಸಂಜೆಯ ಗಿರಾಕಿಗಾಗಿ ಮಾಲೀಕರು ಏನನ್ನಾದರೂ ಸೇರಿಸಲೇಬೇಕು. ಇತ್ತ ನಾಲ್ಕೇ ಹೆಸರು ಬರೆದು, ಹಿತ್ತಾಳೆ ಲೋಟ ಇಟ್ಟು, ದುಪ್ಪಟ್ಟು ಬೆಲೆ ಕೀಳುವ ಹೊಸ ಕೆಫೆಗಳೂ ಬಂದಿವೆ. ಪಟ್ಟಿ ಚಿಕ್ಕದಾದ ಮಾತ್ರಕ್ಕೆ ಅಡುಗೆ ಚೆನ್ನಾಗಿರುತ್ತದೆ ಎಂದು ನಂಬಿ ಅಲ್ಲಿ ಹೋಗಿ ಕೂರಬೇಡಿ.

ನಾನು ನೋಡುವುದು ಪುಟಗಳ ಲೆಕ್ಕವನ್ನಲ್ಲ, ‘ಖಾಲಿಯಾಯಿತು’ ಎಂಬ ಮಾತನ್ನು. ಆವತ್ತಿನ ಹಿಟ್ಟು, ಆವತ್ತಿನ ಸಾಗು ಮಾಡಿದವನಿಗೆ ಮಾತ್ರ ಅದು ಮುಗಿಯುತ್ತದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಈಗಲೂ ಮಧ್ಯಾಹ್ನ ಬಾಗಿಲು ಹಾಕುತ್ತದೆ, ಶುಕ್ರವಾರ ರಜೆ. ರಾತ್ರಿ ಹತ್ತೂವರೆಗೂ ನೂರೆಂಟು ಐಟಂಗಳಲ್ಲಿ ಒಂದೂ ಮುಗಿಯದ ಕಡೆ ನಾನು ಕಾಫಿಯನ್ನಷ್ಟೇ ಕುಡಿದು ಎದ್ದುಬರುತ್ತೇನೆ.

ನಿಮ್ಮ ಊರಿನಲ್ಲಿ ತಿಂಡಿ ಮುಗಿದೊಡನೆ ಬಾಗಿಲು ಎಳೆಯುವ ಹೋಟೆಲ್ ಇದ್ದರೆ ಹೆಸರು ಬರೆಯಿರಿ. ಎಷ್ಟು ಗಂಟೆಯೊಳಗೆ ಹೋಗಬೇಕೆಂಬುದನ್ನೂ ತಿಳಿಸಿ.