ನನ್ನ ಮನೋಬಲಕ್ಕೆ ಅಷ್ಟೆಲ್ಲ ಶ್ರೇಯಸ್ಸು ಬೇಡ

'ಮನೋಬಲದಿಂದ ಕ್ಯಾನ್ಸರ್ ಗೆದ್ದವರು' ಎಂದು ಯಾರಾದರೂ ನನ್ನನ್ನು ಪರಿಚಯಿಸಿದರೆ ಮೈ ಪರಚಿಕೊಳ್ಳುವಂತಾಗುತ್ತದೆ. ನಾನು ಏನನ್ನೂ ಗೆಲ್ಲಲಿಲ್ಲ. ಔಷಧ ಕೆಲಸ ಮಾಡಿತು, ಅಷ್ಟೇ. ಪಕ್ಕದ ಕುರ್ಚಿಗಳಲ್ಲಿ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದವರಲ್ಲಿ ನನಗಿಂತ ಗಟ್ಟಿಗರಿದ್ದರು, ನನಗೇ ಧೈರ್ಯ ಹೇಳುತ್ತಿದ್ದರು. ಅವರಲ್ಲಿ ಕೆಲವರು ಈಗ ಇಲ್ಲ. ಹಾಗಾದರೆ ಅವರೆಲ್ಲ ಮನಸ್ಸು ಸಡಿಲ ಬಿಟ್ಟರೇ? ಬದುಕಿ ಉಳಿದವರನ್ನು ಹೊಗಳುವ ಭರದಲ್ಲಿ ಹೋದವರ ತಲೆಗೆ ತಪ್ಪು ಕಟ್ಟುತ್ತಿದ್ದೇವೆ ಎಂಬುದು, ಸೂರ್ಯೋದಯದ ಚಿತ್ರದ ಮೇಲೆ ಸುಭಾಷಿತ ಅಂಟಿಸಿ ಕಳಿಸುವವರಿಗೆ ಹೊಳೆಯುವುದೇ ಇಲ್ಲ.

ನನಗೆ ಬಂದಿದ್ದು ಹಾಡ್ಜ್‌ಕಿನ್ ಲಿಂಫೋಮಾ, ದುಗ್ಧಗ್ರಂಥಿಗಳ ಕ್ಯಾನ್ಸರ್. ಕೊಟ್ಟಿದ್ದು ಎಬಿವಿಡಿ ಎಂಬ ನಾಲ್ಕು ಔಷಧಗಳ ಚಿಕಿತ್ಸೆ. ಅದರಲ್ಲಿ ಮೊದಲನೆಯದು ಡಾಕ್ಸೊರುಬಿಸಿನ್, ಬಣ್ಣ ಅಚ್ಚ ಕೆಂಪು. ನರ್ಸ್ ಅದನ್ನು ಸಿರಿಂಜ್‌ನಿಂದ ಒಂದಿಷ್ಟು ಒಂದಿಷ್ಟಾಗಿ ಒಳಕ್ಕೆ ತಳ್ಳುತ್ತಿದ್ದರು. ನಡುವೆ ನಿಲ್ಲಿಸಿ ಹಿಂದಕ್ಕೆಳೆದು, ರಕ್ತ ಬರುತ್ತಿದೆಯೇ, ಸೂಜಿ ನಾಳದಲ್ಲೇ ಇದೆಯೇ ಎಂದು ನೋಡುತ್ತಿದ್ದರು. "ಉರಿ ಏನಾದರೂ ಇದೆಯಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನೇ ಕೊಳೆಸಬಲ್ಲ ಔಷಧ ಅದು. ಆ ಹೊತ್ತಿನಲ್ಲಿ ನನ್ನ ಕ್ಷೇಮವೆಲ್ಲ ಇದ್ದದ್ದು ಅವರ ಹೆಬ್ಬೆರಳ ಹದದಲ್ಲಿ. ನನ್ನ ಮನೋಬಲವೋ, ಗೋಡೆ ಗಡಿಯಾರ ನೋಡುತ್ತಾ ಕುಳಿತಿತ್ತು.

ಇಷ್ಟು ಬರೆದರೆ ಸಾಕು, ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಬಂದೇ ಬರುತ್ತಾರೆ: 'ಕೀಮೋ ಎಂದರೆ ವಿಷ, ಪ್ರಕೃತಿಗೆ ಮರಳಿ.' ವಿಷವೇನೋ ಹೌದು, ನನ್ನ ಕೂದಲನ್ನು ಕೇಳಿದರೆ ಹೇಳುತ್ತಿತ್ತು. ಆದರೆ ಪ್ರಕೃತಿಯ ಮಾತು ನನ್ನ ಹತ್ತಿರ ಬೇಡ. ನನ್ನ ಮೂರನೆಯ ಔಷಧ ವಿನ್‌ಬ್ಲಾಸ್ಟಿನ್ ಹುಟ್ಟಿದ್ದೇ ನಿತ್ಯಪುಷ್ಪದ ಗಿಡದಿಂದ. ಜಮೈಕಾದಲ್ಲಿ ಮಧುಮೇಹಕ್ಕೆಂದು ಅದರ ಎಲೆಯ ಕಷಾಯ ಕುಡಿಯುತ್ತಿದ್ದರು. ಆ ಎಲೆಗಳು 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಅವರ ಪ್ರಯೋಗಾಲಯ ತಲುಪಿದವು. ಇಲಿಗಳಿಗೆ ಕೊಟ್ಟು ನೋಡಿದರೆ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು! ನನ್ನಂಥ ಕ್ಯಾನ್ಸರ್ ಹುಟ್ಟುವುದು ಆ ಕಣಗಳಲ್ಲೇ. ನೋಬಲ್ ಮತ್ತು ಸಹೋದ್ಯೋಗಿ ಚಾರ್ಲ್ಸ್ ಬೀರ್ ಎಲೆಯಿಂದ ಆ ಔಷಧಾಂಶವನ್ನು ಬೇರ್ಪಡಿಸಿದರು. ಆಮೇಲೆ ಪ್ರಮಾಣ ಎಷ್ಟು, ಯಾರಿಗೆ, ಎಷ್ಟು ದಿನಕ್ಕೊಮ್ಮೆ ಎಂಬುದೆಲ್ಲ ರೋಗಿಗಳ ಮೇಲೆ ನಡೆದ ಪರೀಕ್ಷೆಗಳಿಂದ ತೀರ್ಮಾನವಾಯಿತು. ಕೆಂಪು ಔಷಧದ ಮೂಲವೂ ಇಟಲಿಯ ಮಣ್ಣಿನ ಬ್ಯಾಕ್ಟೀರಿಯಾ. ಗಿಡಮೂಲಿಕೆಯ ಹೆಸರಿನಲ್ಲಿ ನನ್ನನ್ನು ಬೈಯುವವರಿಗಿಂತ ಹೆಚ್ಚು ಗಿಡಮೂಲಿಕೆ ನನ್ನ ರಕ್ತನಾಳಗಳಲ್ಲಿ ಹರಿದಿದೆ.

ಇನ್ನು ಅಡುಗೆ ಸೋಡಾ, ನಿಂಬೆರಸದವರು. ಇವು ದೇಹವನ್ನು ಕ್ಷಾರೀಯವಾಗಿಸುತ್ತವೆ, ಕ್ಷಾರೀಯ ದೇಹದಲ್ಲಿ ಕ್ಯಾನ್ಸರ್ ಬದುಕುವುದಿಲ್ಲ, ಇದಕ್ಕೇ ಜರ್ಮನ್ ವಿಜ್ಞಾನಿ ಒಟ್ಟೊ ವಾರ್ಬರ್ಗ್‌ಗೆ ನೊಬೆಲ್ ಬಂತು ಎನ್ನುತ್ತಾರೆ. ವಾರ್ಬರ್ಗ್‌ಗೆ 1931ರಲ್ಲಿ ನೊಬೆಲ್ ಬಂದದ್ದು ಜೀವಕೋಶಗಳ ಉಸಿರಾಟದ ಕಿಣ್ವದ ಸಂಶೋಧನೆಗೆ. ರಕ್ತದ ಪಿಎಚ್ ಅನ್ನು, ಅಂದರೆ ಆಮ್ಲ-ಕ್ಷಾರದ ಅಳತೆಯನ್ನು, ಶ್ವಾಸಕೋಶ ಮತ್ತು ಮೂತ್ರಪಿಂಡಗಳು 7.35ರಿಂದ 7.45ರ ನಡುವೆ ಹಿಡಿದಿಟ್ಟಿರುತ್ತವೆ, ನಿಂಬೆಗೆ ಅಲ್ಲಿ ಅಧಿಕಾರವಿಲ್ಲ. ಏಪ್ರಿಕಾಟ್ ಬೀಜದ 'ವಿಟಮಿನ್ ಬಿ17' ಮಾರುವವರು ಇವರಿಗಿಂತ ಅಪಾಯಕಾರಿ. ಅದು ವಿಟಮಿನ್ನೂ ಅಲ್ಲ, ಕ್ಯಾನ್ಸರ್ ಗುಣಪಡಿಸಿದ ಪುರಾವೆಯೂ ಇಲ್ಲ. ಹೊಟ್ಟೆಗೆ ಹೋದರೆ ಸಯನೈಡ್ ಬಿಡುತ್ತದೆ.

ಮನೋಬಲ ಮಾರುವವರಿಗೂ ನಿಂಬೆ ಮಾರುವವರಿಗೂ ನನ್ನ ಕಣ್ಣಲ್ಲಿ ವ್ಯತ್ಯಾಸವಿಲ್ಲ. ಇಬ್ಬರೂ ಹೇಳುವುದು ಒಂದೇ: ಮದ್ದು ನಿನ್ನ ಕೈಯಲ್ಲೇ ಇದೆ. ಗುಣವಾಗದಿದ್ದರೆ ತಪ್ಪೂ ನಿನ್ನದೇ ಆಯಿತಲ್ಲ! ಆಸ್ಪತ್ರೆಯಲ್ಲಿ ವಿಕಿರಣ ಯಂತ್ರ ಏಕಿಲ್ಲ, ಬಯಾಪ್ಸಿ ವರದಿಗೆ ಅಷ್ಟು ದಿನ ಏಕೆ ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಅಧಿಕಾರದಲ್ಲಿರುವವರಿಗೆ ಇದಕ್ಕಿಂತ ಅನುಕೂಲದ ಅಧ್ಯಾತ್ಮ ಇನ್ನೊಂದಿರಲಾರದು.

'ಆರೋಗ್ಯದ ವಿಚಾರದಲ್ಲಿ ರಾಜಕೀಯ ತರಬೇಡಿ' ಎನ್ನುವ ಸಜ್ಜನರಿಗೆ ಇದು ಕಹಿಯಾಗಬಹುದು. ತಂದವನು ನಾನಲ್ಲ. ಒಂದು ಕಾಲಕ್ಕೆ ನನ್ನ ಕಾಯಿಲೆ ಮೈತುಂಬ ಹರಡಿತೆಂದರೆ ಸಾವು ಬಹುತೇಕ ಖಚಿತವಾಗಿತ್ತು. 1960ರ ದಶಕದಲ್ಲಿ ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಟ್ಟು ಇದನ್ನು ಗುಣಪಡಿಸಬಹುದೆಂದು ತೋರಿಸಿದ್ದು ಅಮೆರಿಕ ಸರ್ಕಾರದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ. 1970ರ ದಶಕದಲ್ಲಿ ಎಬಿವಿಡಿ ರೂಪಿಸಿದ್ದು ಇಟಲಿಯ ಮಿಲಾನ್‌ನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವೈದ್ಯ ಜಾನಿ ಬೊನಾಡೊನ್ನ ಮತ್ತು ಸಂಗಡಿಗರು. ನಾನು ಎಂದೂ ಕಾಣದ ದೇಶಗಳ ತೆರಿಗೆದಾರರ ಋಣ ನನ್ನ ಮೇಲಿದೆ. ಎಲ್ಲವನ್ನೂ ಮಾರುಕಟ್ಟೆ ನೋಡಿಕೊಳ್ಳುತ್ತದೆ ಎನ್ನುವವರು 2023ನ್ನು ನೆನಪಿಸಿಕೊಳ್ಳಲಿ. ದಶಕಗಳಷ್ಟು ಹಳೆಯ, ಅಗ್ಗದ ಸಿಸ್‌ಪ್ಲಾಟಿನ್, ಕಾರ್ಬೊಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಗಳು ಅಮೆರಿಕದಂಥ ದೇಶದಲ್ಲೇ ಸಿಗದೆ ವೈದ್ಯರು ಪರದಾಡಿದರು. ಲಾಭ ಕಡಿಮೆ ಎಂದರೆ ತಯಾರಿಸುವವರೂ ಬೆರಳೆಣಿಕೆ. ಒಂದು ಕಾರ್ಖಾನೆ ನಿಂತರೆ ಮುಗಿಯಿತು.

ಚಿಕಿತ್ಸೆ ಮುಗಿದ ಮೇಲಿನ ಬದುಕೂ ಕಾನೂನಿನ ಕೈಯಲ್ಲೇ ಇದೆ. ಗುಣವಾಗಿ ಎಷ್ಟು ವರ್ಷವಾದರೂ ವಿಮೆಯ ಅರ್ಜಿಯ ಆ ಒಂದು ಪ್ರಶ್ನೆ ನಮ್ಮನ್ನು ಮತ್ತೆ ರೋಗಿಯಾಗಿಸುತ್ತದೆ. ಫ್ರಾನ್ಸ್ ಇದಕ್ಕೆ 'ಮರೆಸುವ ಹಕ್ಕು' ತಂದಿದೆ. 2022ರಿಂದ ಅಲ್ಲಿ ಚಿಕಿತ್ಸೆ ಮುಗಿದು 5 ವರ್ಷ ಕಳೆದು ಕಾಯಿಲೆ ಮರುಕಳಿಸದಿದ್ದರೆ, ಸಾಲದ ವಿಮೆಗೆ ಕ್ಯಾನ್ಸರಿನ ವಿಷಯ ಹೇಳಬೇಕಾಗಿಲ್ಲ. ಮತ ಕೇಳಲು ಬರುವವರನ್ನು ನಾನು ಇದನ್ನೇ ಕೇಳುವುದು. ಇದುವರೆಗೆ ಸಿಕ್ಕ ಉತ್ತರ, ಒಂದು ಕರಪತ್ರ.

ಕೊನೆಗೆ ಈ ಪುಟದ ಕಾಟ. 'ಲೈಕ್ ಒತ್ತದೆ ಮುಂದೆ ಹೋಗುವವರು ಕಲ್ಲುಮನಸ್ಸಿನವರು' ಎಂದು ಬೋಳುತಲೆಯ ಮಕ್ಕಳ ಚಿತ್ರ ಹಾಕುವ ಖಾತೆಗಳನ್ನು ದಯವಿಟ್ಟು ನನಗೆ ಟ್ಯಾಗ್ ಮಾಡಬೇಡಿ. ಅವು ಎಷ್ಟೋ ಸಲ ಕದ್ದ ಚಿತ್ರಗಳು. ಮಗುವಿಗೆ ಅದರಿಂದ ಚಿಕ್ಕಾಸೂ ಹೋಗುವುದಿಲ್ಲ. ಸುಳ್ಳು ಮದ್ದಿನ ಪೋಸ್ಟ್ ಕಂಡರೆ ಅದರ ಕೆಳಗೆ ಜಗಳಕ್ಕೂ ನಿಲ್ಲಬೇಡಿ, ನಿಮ್ಮ ಬೈಗುಳವೇ ಅದನ್ನು ಇನ್ನಷ್ಟು ಜನರಿಗೆ ತಲುಪಿಸುತ್ತದೆ. ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ಚಿಕಿತ್ಸೆಯಲ್ಲಿರುವವರು ನನಗೆ ಸಂದೇಶ ಕಳಿಸಿದರೆ ಉತ್ತರಿಸುತ್ತೇನೆ. ಸ್ಕ್ಯಾನ್ ವರದಿಯ ಫೋಟೋ ಬೇಡ, ಅದು ನಿಮ್ಮ ವೈದ್ಯರಿಗೆ. ಬಾಯಿಹುಣ್ಣು, ವರದಿ ಬರುವ ತನಕದ ನಿದ್ದೆಯಿಲ್ಲದ ರಾತ್ರಿ, ಮನೆಗೆ ಬಂದು ಅಳುವ ನೆಂಟರು, ಇವುಗಳ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತನಾಡೋಣ.