ಸಾಲಿನಲ್ಲಿ ನಿಂತು ಬಂದವರು

ಮೆಲ್ಬರ್ನಿನಲ್ಲಿ ಕನ್ನಡದವರು ಊಟಕ್ಕೆ ಕೂತಾಗ ಆಶ್ರಯ ಕೋರಿ ಬಂದವರ ಸುದ್ದಿ ಎದ್ದರೆ ಒಂದು ಮಾತು ಬಂದೇ ಬರುತ್ತದೆ: ‘ನಾವು ಸಾಲಿನಲ್ಲಿ ನಿಂತು ಬಂದವರಪ್ಪ, ಅವರು ದೋಣಿ ಹತ್ತಿ ನುಗ್ಗಿದವರು.’ ಮೊದಲ ಕೆಲವು ವರ್ಷ ನಾನೂ ತಲೆಯಾಡಿಸಿದ್ದೇನೆ. ವಯಸ್ಸಿಗಿಷ್ಟು, ಪದವಿಗಿಷ್ಟು, ಇಂಗ್ಲಿಷಿಗಿಷ್ಟು ಎಂದು ಅಂಕ ಕೂಡಿಸಿ ವೀಸಾ ಪಡೆದವನಿಗೆ ಅಷ್ಟು ಜಂಬ ಇರುತ್ತದೆ. ಜೀವ ಉಳಿಸಿಕೊಳ್ಳಲು ಓಡುವವನಿಗೆ ನಿಲ್ಲಲು ಸಾಲೇ ಇರುವುದಿಲ್ಲ ಎಂಬುದು ತಿಳಿದದ್ದು, ಇಲ್ಲಿನ ಒಂದು ಉಚಿತ ಕಾನೂನು ನೆರವಿನ ಕಚೇರಿಗೆ ಶನಿವಾರ ಕಾಗದ ಜೋಡಿಸಲು ಹೋಗತೊಡಗಿದ ಮೇಲೆ.

ಅಲ್ಲಿ ವಕೀಲರು ಹೆಣಗಾಡುವುದು ವಾದದ ಜೊತೆಗಲ್ಲ, ತಾರೀಕುಗಳ ಜೊತೆಗೆ. ಆಶ್ರಯ ಕೋರಿದವನು ಬಂದಿಳಿದಾಗ ಹೇಳಿದ್ದಕ್ಕೂ ವರ್ಷಗಳ ನಂತರ ಬರೆದುಕೊಟ್ಟದ್ದಕ್ಕೂ ತಿಂಗಳೊಂದು ಹೆಚ್ಚುಕಡಿಮೆಯಾದರೆ ಇಡೀ ಕಥೆಯೇ ನಂಬಲರ್ಹವಲ್ಲ ಎನಿಸಿಕೊಳ್ಳಬಹುದು. ನನ್ನ ಅಮ್ಮನನ್ನು ಕೇಳಿದರೆ, ನಾನು ಹುಟ್ಟಿದ್ದು ಹೊಳೆ ತುಂಬಿ ಬಂದ ವರ್ಷ, ಗೌರಿ ಹಬ್ಬದ ಹಿಂದಿನ ವಾರ. ದಾಖಲೆಯಲ್ಲಿರುವುದು ಜೂನ್ 1. ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಬರೆದದ್ದು. ಪಾಸ್‌ಪೋರ್ಟು, ವೀಸಾ, ಪೌರತ್ವ ಎಲ್ಲವೂ ಆ ಸುಳ್ಳು ತಾರೀಕಿನ ಮೇಲೆಯೇ ನಿಂತಿವೆ. ಯಾರೂ ನನ್ನನ್ನು ಸುಳ್ಳುಗಾರ ಎಂದಿಲ್ಲ.

2014ರಲ್ಲಿ ಸರ್ಕಾರವು ದೋಣಿಯಲ್ಲಿ ಬಂದವರಿಗೆ ತನ್ನ ಖರ್ಚಿನಲ್ಲಿ ಕೊಡುತ್ತಿದ್ದ ಕಾನೂನು ನೆರವನ್ನು ನಿಲ್ಲಿಸಿತು. ಆ ಹೊರೆ ಇಂಥ ಕಚೇರಿಗಳ ಮೇಲೆ ಬಿತ್ತು. ಆದರೂ ವಕೀಲರೊಬ್ಬರಿಂದಲೇ ಎಲ್ಲವೂ ಆಗುವುದಿಲ್ಲ. ಬಿಲೋಯೆಲಾ ಅದಕ್ಕೆ ಸಾಕ್ಷಿ. ಅದು ಕ್ವೀನ್ಸ್‌ಲ್ಯಾಂಡಿನ ಒಳನಾಡಿನಲ್ಲಿ ಆರು ಸಾವಿರವೂ ಇಲ್ಲದ ಜನರ ಊರು. ಅಲ್ಲಿನ ಮಾಂಸದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಶ್ರೀಲಂಕಾದ ತಮಿಳನ ಮನೆಗೆ 2018ರ ಮಾರ್ಚಿನ ಒಂದು ನಸುಕಿನಲ್ಲಿ ಅಧಿಕಾರಿಗಳು ಬಂದು, ಗಂಡ, ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಕರೆದೊಯ್ದರು. ಮಕ್ಕಳಿಬ್ಬರೂ ಇಲ್ಲಿಯೇ ಹುಟ್ಟಿದವರು. ನೆರೆಹೊರೆಯವರು ಪಟ್ಟು ಬಿಡಲಿಲ್ಲ. 2019ರ ಆಗಸ್ಟಿನಲ್ಲಿ ಕುಟುಂಬವನ್ನು ಶ್ರೀಲಂಕಾಕ್ಕೆ ಹೊರಡಿಸಿದಾಗ, ವಿಮಾನ ಆಕಾಶದಲ್ಲಿರುವಾಗಲೇ ನ್ಯಾಯಾಧೀಶರು ಫೋನಿನಲ್ಲಿ ತಡೆಯಾಜ್ಞೆ ಕೊಟ್ಟರು. ಡಾರ್ವಿನ್‌ನಲ್ಲಿ ಅವರನ್ನು ಇಳಿಸಬೇಕಾಯಿತು. ನಂತರ ದೂರದ ಹಿಂದೂ ಮಹಾಸಾಗರದಲ್ಲಿರುವ ಕ್ರಿಸ್ಮಸ್ ದ್ವೀಪದ ಬಂಧನ. ಕಿರಿಯ ಮಗಳ ಅರ್ಜಿಯ ವಿಚಾರದಲ್ಲಿ ನ್ಯಾಯವಾದ ಕ್ರಮ ಪಾಲನೆಯಾಗಿಲ್ಲ ಎಂದು 2020ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ಸರ್ಕಾರ ಬದಲಾದ ಮೇಲೆ, 2022ರ ಜೂನ್‌ನಲ್ಲಿ, ಅವರು ಮರಳಿ ಅದೇ ಊರಿಗೆ ಬಂದರು. ನ್ಯಾಯಾಲಯ ಮಾಡಿದ್ದು ವಿಮಾನ ತಡೆಯುವುದನ್ನು. ನಾಲ್ಕು ವರ್ಷ ಅವರನ್ನು ಮರೆಯಗೊಡದೆ ಇದ್ದದ್ದು ಆ ಊರಿನವರು.

ಇದನ್ನು ಕೇಳುವಾಗೆಲ್ಲ ನನಗೆ ಬೈಲುಕುಪ್ಪೆ ನೆನಪಾಗುತ್ತದೆ. ಅದಿರುವ ಪಿರಿಯಾಪಟ್ಟಣ ತಾಲ್ಲೂಕಿನವನು ನಾನು. 1960ರ ಸುಮಾರಿನಲ್ಲಿ ಅಂದಿನ ಮೈಸೂರು ಸರ್ಕಾರ ಟಿಬೆಟಿನಿಂದ ಬಂದವರಿಗೆ ಅಲ್ಲಿ ಸುಮಾರು 3000 ಎಕರೆ ಕೊಟ್ಟಿತು. ಅವರನ್ನು ಯಾರೂ ಕೂಡಿಹಾಕಲಿಲ್ಲ, ದ್ವೀಪಕ್ಕೆ ಸಾಗಿಸಲಿಲ್ಲ; ಕಾಡು ಕಡಿದು ಜೋಳ ಬೆಳೆದರು, ಅವರ ಮಕ್ಕಳು ಕನ್ನಡ ಕಲಿತರು. ಆಸ್ಟ್ರೇಲಿಯದವರಿಗೆ ಇದನ್ನು ಹೇಳುವಾಗ ನನ್ನ ದನಿ ತುಸು ಏರುತ್ತದೆ. ಆದರೆ ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮ್ಮಲ್ಲಿ ನಿರಾಶ್ರಿತರ ಕಾನೂನೇ ಇಲ್ಲ. ಬೈಲುಕುಪ್ಪೆಯಲ್ಲೇ ಹುಟ್ಟಿದ ನನ್ನ ಸಹಪಾಠಿ ಕಾನೂನಿನ ಕಣ್ಣಿಗೆ ವಿದೇಶಿ. ನೋಂದಣಿ ಪತ್ರ ನವೀಕರಿಸಲು ಪೊಲೀಸರ ಮುಂದೆ ನಿಲ್ಲುತ್ತಿದ್ದ. 1987ರ ಜುಲೈಗೆ ಮೊದಲು ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಭಾರತದ ಪ್ರಜೆಗಳೇ ಎಂದು ನಮ್ಮ ಹೈಕೋರ್ಟ್ 2013ರಲ್ಲಿ ಒಪ್ಪಿತು. ಅದಕ್ಕೂ ಅವರಲ್ಲೇ ಒಬ್ಬರು ಕೋರ್ಟಿಗೆ ಹೋಗಬೇಕಾಯಿತು. ನಾವು ಅವರ ಸ್ವೆಟರ್ ಕೊಂಡೆವು, ಮೋಮೋ ತಿಂದೆವು, ನೆಂಟರಿಗೆ ಅಲ್ಲಿನ ಗೋಲ್ಡನ್ ಟೆಂಪಲ್ ತೋರಿಸಿದೆವು. ನವೀಕರಣದ ಸಾಲಿನಲ್ಲಿ ಒಂದು ದಿನವಾದರೂ ಗೆಳೆಯನ ಪಕ್ಕ ನಿಲ್ಲಬೇಕೆಂದು ನನಗೆ ಹೊಳೆಯಲೇ ಇಲ್ಲ.

ಈ ಸಲದ ಯುಗಾದಿ ಊಟದಲ್ಲಿ ಮತ್ತೆ ಅದೇ ‘ಸಾಲಿನ’ ಮಾತು ಬಂತು. ಹೇಳಿದವರು ಮಂಡ್ಯ ಕಡೆಯ ಹಿರಿಯರು. ‘ಸರ್, ನಿಮ್ಮ ಜನ್ಮ ದಿನಾಂಕ ಯಾವುದು?’ ಎಂದು ಕೇಳಿದೆ. ‘ಜೂನ್ 1’ ಎಂದರು. ‘ನಿಜವಾದದ್ದು?’ ಅವರು ಜೋರಾಗಿ ನಕ್ಕುಬಿಟ್ಟರು. ಅಷ್ಟರಲ್ಲಿ ಹೋಳಿಗೆ ಬಂತು.