ಕಾಂಡಿಮೆಂಟ್ಸ್ ಕಾಂಡ

ಹಾವೇರಿಯ ತರಕಾರಿ ವ್ಯಾಪಾರಿಗೆ 29 ಲಕ್ಷದ ಜಿಎಸ್‌ಟಿ ನೋಟಿಸು ಬಂದಾಗ ಎಲ್ಲರೂ ವಾಣಿಜ್ಯ ತೆರಿಗೆ ಇಲಾಖೆಯನ್ನು ಬೈದರು. ನಾನು ಬೈಯಲಿಲ್ಲ. ತೆರಿಗೆಯೇ ಇಲ್ಲದ ಸೊಪ್ಪು-ಟೊಮೆಟೊದಲ್ಲೂ ತೆರಿಗೆ ಕಾಣುವುದಕ್ಕೆ ದಿವ್ಯದೃಷ್ಟಿ ಬೇಕು. ತಂಗಿ ಕಳಿಸಿದ ಕೈಸಾಲ, ಎತ್ತಿದ ಚೀಟಿ ದುಡ್ಡು, ಯುಪಿಐನಲ್ಲಿ ಬಂದದ್ದೆಲ್ಲ ವಹಿವಾಟಾಗಿಬಿಟ್ಟಿದೆ ಅಂತ ಅಂಗಡಿಯವರು ಗೋಳಾಡಿದರು. ಸಣ್ಣ ಮನುಷ್ಯನನ್ನು ದೊಡ್ಡ ಉದ್ಯಮಿ ಎಂದು ಗುರುತಿಸಿದ್ದಕ್ಕೆ ಕೃತಜ್ಞತೆಯೇ ಇಲ್ಲ!

ಸರಕು ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದ ವಹಿವಾಟಿನ ಮಿತಿ ವರ್ಷಕ್ಕೆ 40 ಲಕ್ಷ, ಅಂದರೆ ದಿನಕ್ಕೆ 11 ಸಾವಿರದ ಆಸುಪಾಸು. ಹಾಲು, ಸಿಗರೇಟು ಮಾರುವ ಮೂಲೆ ಅಂಗಡಿ ಅಷ್ಟನ್ನು ದಾಟುವುದು ದೊಡ್ಡ ಮಾತಲ್ಲ, ಕೈಯಲ್ಲಿ ಉಳಿಯುವುದು ಚಿಲ್ಲರೆ. 2025ರ ಜುಲೈನಲ್ಲಿ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕೂರಿಸಿಕೊಂಡು ಹಳೇ ಬಾಕಿ ಕೇಳುವುದಿಲ್ಲ, ಆದರೆ ನೋಂದಣಿ ಮಾಡಿಸಿ ಎಂದರು. ವ್ಯಾಪಾರಿಗಳು ಕರೆದಿದ್ದ ಬಂದ್ ತಣ್ಣಗಾಯಿತು.

ಈ ಮಾತನ್ನು ನಂಬಿದವನೊಬ್ಬ ನಮ್ಮ ರಸ್ತೆಯಲ್ಲೇ ಇದ್ದಾನೆ. ಚಕ್ಕುಲಿ, ಕೋಡುಬಳೆ ಅಂಗಡಿ ಇಡಬೇಕೆಂದು ಮಳಿಗೆ ಹಿಡಿದ. ಮಾಲೀಕರ ಹತ್ತಿರ ಬಾಡಿಗೆ ಕರಾರು ಕೇಳಿದ.

"ಅಗ್ರಿಮೆಂಟ್ ಎಲ್ಲ ಯಾಕಪ್ಪಾ, ನಮ್ಮ ಮೇಲೆ ನಂಬಿಕೆ ಇಲ್ವಾ?"

"ಜಿಎಸ್‌ಟಿಗೆ ಕೇಳ್ತಾರೆ ಸಾರ್."

"ಜಿಎಸ್‌ಟಿ ಅಂದ್ಮೇಲೆ ಬಾಡಿಗೆ ಸ್ವಲ್ಪ ಜಾಸ್ತಿ ಆಗುತ್ತೆ ನೋಡು."

ಆಯಿತು, ಅದಕ್ಕೂ ಒಪ್ಪಿದ. ವಿಳಾಸದ ಪುರಾವೆಗೆ ಕರೆಂಟ್ ಬಿಲ್ ನೋಡಿದರೆ ಮಾಲೀಕರ ತಂದೆಯ ಹೆಸರಲ್ಲಿದೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಖಾತೆ ಬದಲಾಗಿಲ್ಲ, ಯಾಕೆಂದರೆ ಅಣ್ಣತಮ್ಮಂದಿರು ಕೋರ್ಟಿನಲ್ಲಿದ್ದಾರೆ. ಹೀಗೆ ಚಕ್ಕುಲಿ ಕರಿಯಲು ಹೊರಟವನು ಯಾರದೋ ಮನೆಯ ಪಾಲುಪಟ್ಟಿ ದಾವೆ ಬೇಗ ಮುಗಿಯಲೆಂದು ದೇವರಿಗೆ ಹರಕೆ ಹೊತ್ತ.

ಇನ್ನು ಇನಿಷಿಯಲ್ಲು. ಆಧಾರ್‌ನಲ್ಲಿ ಹೆಸರಿನ ಮುಂದಿದೆ, ಪ್ಯಾನ್‌ನಲ್ಲಿ ಹಿಂದಿದೆ, ಬ್ಯಾಂಕಿನಲ್ಲಿ ಯಾರೋ ಪುಣ್ಯಾತ್ಮರು ಅದನ್ನು ಬಿಡಿಸಿ ಊರು, ಅಪ್ಪ ಎರಡನ್ನೂ ಪೂರ್ತಿ ಬರೆದಿದ್ದಾರೆ. ಕಂಪ್ಯೂಟರಿನ ಪಾಲಿಗೆ ಇವರು ಮೂವರು. ಮೂವರಲ್ಲಿ ಅಂಗಡಿ ಇಡುವವನು ಯಾರು ಎಂದು ಅದು ಕೇಳುತ್ತೆ, ನ್ಯಾಯವೇ!

ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ 2020ರಿಂದ ಪುಕ್ಕಟೆ. ಅದಕ್ಕೇ ಇರಬೇಕು, ಅದೇ ಮುಖ ಹೊತ್ತು ದುಡ್ಡು ಕೀಳುವ ನಕಲಿ ತಾಣಗಳು ಹುಟ್ಟಿಕೊಂಡಿದ್ದು. ಆಹಾರ ನೋಂದಣಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಆ ನೂರನ್ನು ಕಟ್ಟಿಕೊಡುವ ಸೈಬರ್ ಸೆಂಟರಿನವನಿಗೆ ಅದರ ಹಲವು ಪಟ್ಟು. ಟ್ರೇಡ್ ಲೈಸೆನ್ಸ್, ಅಂಗಡಿ ಮುಂಗಟ್ಟು ಕಾಯ್ದೆ, ವೃತ್ತಿ ತೆರಿಗೆ, ತಕ್ಕಡಿಗೆ ಮುದ್ರೆ ಇವೆಲ್ಲ ಇನ್ನೂ ಇವೆ. ಬರೆಯಲು ನನಗೇ ಬೇಜಾರು.

ತಮಾಷೆ ಸಾಕು. ಎದುರು ಸಾಲಿನಲ್ಲಿ ಏನೂ ಬರೆಸದೆ, ಬರುವವರಿಗೆ ಮಾಮೂಲು ತಳ್ಳಿಕೊಂಡು ಅಂಗಡಿ ನಡೆಸುವವನನ್ನು ಯಾರೂ ಕೇಳುವುದಿಲ್ಲ. ಕೇಳುವುದು ಅರ್ಜಿ ಹಾಕಿದವನನ್ನೇ, ಅವನ ವಿಳಾಸ ತಾನೇ ಗೊತ್ತಿರುವುದು. ಪ್ರಾಮಾಣಿಕವಾಗಿ ತೆರಿಗೆ ಕಟ್ಟುತ್ತೇನೆ ಅನ್ನುವವನನ್ನು ಹೀಗೆ ಅಲೆದಾಡಿಸಿ, ಆಮೇಲೆ ಜನ ಕಾನೂನಿಗೆ ಹೆದರುವುದಿಲ್ಲ ಅಂತ ಭಾಷಣ ಬೇರೆ.

ಬಾಗಿಲೇ ತೆರೆಯದ ಮಳಿಗೆಗೆ ಬಾಡಿಗೆ ಮಾತ್ರ ತಿಂಗಳು ತಿಂಗಳು ಹೋಗುತ್ತಿದೆ. ಅದನ್ನು ಯಾವ ಫಾರಂನ ಯಾವ ಕಾಲಂನಲ್ಲಿ ತುಂಬಬೇಕು, ಸ್ವಾಮಿ?